ಯಾರೂ ತುಳಿಯದ ಕಾರ್ಪೆಟ್

"ಅಯ್ಯೋ, ಅದರ ಮೇಲೆ ಕಾಲಿಡಬೇಡಿ!"

ಅವಳು ಕೂಗುವಷ್ಟರಲ್ಲಿ ಆತ ಕಾರ್ಪೆಟ್ಟಿನ ನಟ್ಟನಡುವೆ ನಿಂತಾಗಿತ್ತು. ಅದೂ ಸ್ವಂತ ಮನೆಯೆಂಬಂತೆ, ಆರಾಮವಾಗಿ.

"ಯಾಕೆ?"

"ಅಸಲಿ ಟರ್ಕಿಯದು. ನೂರು ವರ್ಷ ಹಳೇದು. ನಮ್ಮನೇಲಿ ಅದರ ಮೇಲೆ ಯಾರೂ ನಡೆಯಲ್ಲ."

"ಅದಕ್ಕೇ ಹುಳು ತಿಂದಿರೋದು," ಎಂದ ಕಾರ್ಪೆಟ್ ರಿಪೇರಿಯವನು, ಸೋಫಾದ ಮುಂದಿನ ತೂತು ತೋರಿಸಿ. "ನಾಲ್ಕು ಜನ ಓಡಾಡೋ ಕಡೆ ಹುಳು ಸೇರಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಮಾತು ನಿಜವಾಗಿದ್ದರಿಂದ ಇನ್ನಷ್ಟು ಉರಿಯಿತು.

ಅಮ್ಮನಿಗೆ ಆ ಕಾರ್ಪೆಟ್ಟೇ ಪಂಚಪ್ರಾಣ. ಬಂದವರಿಗೆ ನೀರು ಕೊಡುವ ಮುಂಚೆಯೇ ಅದರ ವಂಶಾವಳಿ ಒಪ್ಪಿಸುತ್ತಿದ್ದಳು. ಅಪ್ಪ ಗೋಡೆಗೆ ಬೆನ್ನು ಹಚ್ಚಿ, ಏಡಿಯಂತೆ ಪಕ್ಕಕ್ಕೆ ಸರಿಯುತ್ತ ಟಿವಿ ಮುಂದೆ ಸೇರುತ್ತಿದ್ದರು. ಈಗ ತೂತು ಮುಚ್ಚಿದ ಕೂಡಲೇ ಪರಿಚಯದ ಹೋಟೆಲ್ ಮಾಲೀಕರೊಬ್ಬರನ್ನು ಮನೆಗೆ ಕರೆಸಿ, ಅವರ ಮಗನಿಗೆ ಮಗಳನ್ನು ಕೊಡುವ ಮಾತು ಮುಗಿಸುವುದು ಅಮ್ಮನ ಹಟ. ಅಲ್ಲಿಯವರೆಗೆ ಅವರು ಬರುವುದೇ ಬೇಡ... ತೂತು ಅವರ ಕಣ್ಣಿಗೆ ಬಿದ್ದರೆ ಮಾನ ಹೋದಂತೆಯೇ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅದು ತಿಳಿದ ಮೇಲೆ ಆತ ದಿನವೂ ಉಣ್ಣೆಯ ನೂಲು ಹಿಡಿದು ಅವಳನ್ನು ಕಿಟಕಿಯ ಬೆಳಕಿಗೆ ಕರೆಯುತ್ತಿದ್ದ.

"ಈ ಕೆಂಪು, ಆ ಕೆಂಪು ಒಂದೇನಾ, ನೋಡಿ."

ಇಬ್ಬರ ತಲೆಯೂ ಒಂದೇ ನೂಲಿನ ಮೇಲೆ ಬಾಗುತ್ತಿತ್ತು. ಮೊದಮೊದಲು ಸಿಡುಕುತ್ತಿದ್ದವಳು ಬರಬರುತ್ತ ಅಂಗಡಿಯಿಂದ ಬೇಗನೆ ಮನೆಗೆ ಓಡಿಬರತೊಡಗಿದಳು.

ತೂತು ಮಾತ್ರ ಚಿಕ್ಕದಾಗುತ್ತಲೇ ಇತ್ತು. ಬಾಗಿಲಲ್ಲೇ ಕೇಳುತ್ತಿದ್ದಳು, "ಇನ್ನೂ ಎಷ್ಟಿದೆ?"

"ಮುಗಿಸಿಬಿಡ್ತೀನಿ ಮೇಡಂ, ತಡ ಮಾಡಲ್ಲ."

ಮರುದಿನ ಆತ ಇನ್ನೂ ಬೇಗ ಬಂದು, ಊಟಕ್ಕೂ ಏಳದೆ ಗಂಟು ಹಾಕುತ್ತಿದ್ದ.

'ದೇವರೇ... ಊರವರ ಕಣ್ಣೆಲ್ಲ ಪರೀಕ್ಷಿಸುವ ನನ್ನ ಪಾಲಿಗೆ ಈ ಕುರುಡನೇ ಸಿಗಬೇಕಿತ್ತೇ?'

ಸರಿಯಾಗಿ ಹೊಂದಿದ ಬಣ್ಣವನ್ನೂ ಹೊಂದಿಲ್ಲವೆಂದಳು. ಆ ಪುಣ್ಯಾತ್ಮ ನೂಲಿಗೆ ಹೊಸದಾಗಿ ಬಣ್ಣ ಹಾಕಿಕೊಂಡು ಬೆಳಗಾಗುವಷ್ಟರಲ್ಲಿ ಹಾಜರು.

ಅಂದು ಅಮ್ಮ ಫೋನಿನಲ್ಲಿ ಹೋಟೆಲಿನವರಿಗೆ, "ಇವತ್ತು ಮುಗಿಯುತ್ತಂತೆ, ನಾಳೆ ಬನ್ನಿ," ಎನ್ನುವುದು ಕೇಳಿಸಿತು.

ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಗೋಡೆ ಬದಿ ಬಿಟ್ಟು ನೇರವಾಗಿ ಕಾರ್ಪೆಟ್ಟಿನ ಮೇಲೆ ನಡೆದುಹೋಗಿ, ಉಳಿದಿದ್ದ ತೂತಿನ ಮೇಲೆಯೇ ಕುಳಿತುಬಿಟ್ಟಳು.

"ಏಳಿ ಮೇಡಂ, ಒಂದೇ ಸಾಲು ಬಾಕಿ."

"ಏಳಲ್ಲ."

"ದಿನಾ ನೀವೇ ತಾನೇ ಕೇಳ್ತಿದ್ರಿ, ಇನ್ನೂ ಎಷ್ಟಿದೆ ಅಂತ?"

"ಮುಗಿದುಹೋಗುತ್ತಲ್ಲ ಅಂತ ಹೆದರಿ ಕೇಳ್ತಿದ್ದೆ. ಮುಗಿದರೆ ನೀವು ಬರಲ್ಲ. ನೀವು ಬರದಿದ್ರೆ ನನಗೆ ಆಗಲ್ಲ... ಇಷ್ಟೂ ಬಿಡಿಸಿ ಹೇಳಬೇಕಾ?"

ಆತನ ಕೈಯಿಂದ ಸೂಜಿ ಜಾರಿತು.

"ನಿಮಗೆ ಆ ಮದುವೆಯ ಅವಸರ ಅಂದ್ಕೊಂಡೆ. ಅದನ್ನ ನೋಡ್ತಾ ಇಲ್ಲಿ ಕೂರೋಕೆ ನನಗೂ ಆಗ್ತಿರಲಿಲ್ಲ, ಅದಕ್ಕೇ ಬೇಗ ಮುಗಿಸೋಕೆ ಹೊರಟೆ."

"ಏಳೇ ಮೇಲೆ, ಕಾರ್ಪೆಟ್ ಏನಾಗಬೇಕು!" ಬಾಗಿಲಲ್ಲಿ ಅಮ್ಮ ಎದೆ ಹಿಡಿದು ನಿಂತಿದ್ದಳು.

ಆಗ ಗೋಡೆ ಬದಿಯಲ್ಲಿದ್ದ ಅಪ್ಪ ಕಾರ್ಪೆಟ್ ತುಳಿದುಕೊಂಡೇ ಬಂದು ಮಗಳ ಪಕ್ಕ ಕೂತರು.

"ಮೆತ್ತಗಿದೆ ಕಣೇ," ಎಂದರು ಅಮ್ಮನಿಗೆ. "ಹೋಟೆಲಿನವರಿಗೆ ಬರಬೇಡಿ ಅಂತ ಹೇಳು. ನಮ್ಮ ಕಾರ್ಪೆಟ್ ತೂತು ಅಂತಲೇ ಹೇಳು."

ಅಮ್ಮ ದೊಪ್ಪನೆ ಸೋಫಾದ ಮೇಲೆ ಕುಸಿದಳು.

"ಕೊನೇ ಸಾಲು ಯಾವಾಗ ಹಾಕ್ಲಿ?" ಆತ ಮೆಲ್ಲಗೆ ಕೇಳಿದ.

"ನಮ್ಮ ಮದುವೆ ಆದಮೇಲೆ."

"ಅಲ್ಲೀವರೆಗೆ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ದಿನಾ ಬಂದು ಇದರ ಮೇಲೆ ಓಡಾಡಿ. ಮತ್ತೆ ಹುಳು ಬೀಳಬಾರದಲ್ಲ."