ಉಗುಳಿದ ಮೊದಲ ತುತ್ತು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಗಗ್ಗರಪುರವೆಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಮೂರು ಸುತ್ತಿನ ಕೋಟೆ, ಮೂರು ಹೆಬ್ಬಾಗಿಲು, ನೂರು ಆನೆ, ಸಾವಿರ ಕುದುರೆ. ಆದರೆ ಅದನ್ನು ಕಾಯುತ್ತಿದ್ದದ್ದು ಇವು ಯಾವುವೂ ಅಲ್ಲ. ಒಂದು ನಾಯಿ.

ಆ ನಾಯಿಯ ಹೆಸರು ಬೆಳ್ಳಿ. ಅವಳು ಬೊಗಳಿದರೆ ಮಾಯೆ ಕಳಚಿ ಬೀಳುತ್ತಿತ್ತು. ಸನ್ಯಾಸಿಯ ವೇಷ ಹಾಕಿ ಬಂದ ತೋಳ ತೋಳವಾಗಿಯೇ ನಿಲ್ಲುತ್ತಿತ್ತು. ಬಂಗಾರವೆಂದು ಹೊತ್ತು ತಂದ ಕಲ್ಲು ಕಲ್ಲೇ ಆಗುತ್ತಿತ್ತು. ಉತ್ತರದ ಸುಟ್ಟ ಗುಡ್ಡದಲ್ಲಿ ಬೂದಿಗಣ್ಣನೆಂಬ ಮಾಂತ್ರಿಕನಿದ್ದ. ಬೆಳ್ಳಿಯ ಅಜ್ಜಿಯ ಕಾಲದಿಂದಲೂ ಅವನು ಹಲ್ಲು ಕಡಿಯುತ್ತ ಕೂತಿದ್ದ. ಆ ತಳಿ ಮುಗಿದರೆ ಗಗ್ಗರಪುರ ಅವನ ಕೈಗೆ ಬಂದಂತೆಯೇ.

ಮರಿ ಹಾಕಿದಾಗ ಮಾತ್ರ ಬೆಳ್ಳಿ ಬೊಗಳುತ್ತಿರಲಿಲ್ಲ. ಅವಳ ದನಿ ಹಾಲಿನ ಜೊತೆ ಇಳಿದು ಮರಿಗಳ ಹೊಟ್ಟೆಗೆ ಹೋಗುತ್ತಿತ್ತು. ಮರಿಗಳು ಮೊಲೆ ಬಿಟ್ಟು ಗಂಜಿ ತಿಂದ ಗಳಿಗೆಯಲ್ಲಿ ದನಿ ಅವಳಿಗೆ ಮರಳುತ್ತಿತ್ತು. ಹಾಗಾಗಿ ಆ ಊರಲ್ಲಿ ನಾಯಿಮರಿಗೆ ಹಾಲು ಬಿಡಿಸುವುದೆಂದರೆ ಆಳುಕಾಳಿನ ಕೆಲಸವಲ್ಲ, ಅರಮನೆಯ ಕೆಲಸ.

ಅದಕ್ಕೊಂದು ಪದ್ಧತಿಯಿತ್ತು. ಮರಿ ಹುಟ್ಟಿದ ಇಪ್ಪತ್ತೆಂಟನೆಯ ದಿನ, ನಾಯಿಮನೆ ನೋಡಿಕೊಳ್ಳುತ್ತಿದ್ದ ಹೊನ್ನೀರಜ್ಜಿ ರಾಗಿ ಹಿಟ್ಟನ್ನು ಆಡಿನ ಹಾಲಿನಲ್ಲಿ ತೆಳ್ಳಗೆ ಬೇಯಿಸಿ, ಬೆರಳದ್ದಿ ಬಿಸಿ ನೋಡಿ, ಅಗಲವಾದ ಕಂಚಿನ ತಟ್ಟೆಗೆ ಸುರಿಯುತ್ತಿದ್ದಳು. ಯುವರಾಜನಾದವನು ಎಲ್ಲರೆದುರು ಮೊಣಕಾಲೂರಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಾಯಿಂದಲೇ ಮೊದಲ ತುತ್ತು ತಿನ್ನಬೇಕು. ಅವನನ್ನು ನೋಡಿ ಮರಿಗಳು ಕಲಿಯಬೇಕು. ಆ ತಳಿಯ ಮರಿಗಳು ಕಂಡದ್ದನ್ನು ಕಂಡ ಹಾಗೇ ಕಲಿಯುತ್ತವೆ.

ಆ ವರ್ಷ ಬೆಳ್ಳಿಗೆ ಮೂರು ಮರಿ: ಕೆಂಚ, ಕಾಳ, ಎಲ್ಲರಿಗಿಂತ ಸಣ್ಣದಾದ ಬಾಲಿ. ಆ ವರ್ಷದ ಯುವರಾಜ ಕಲಿಮಾರ. ಹದಿನೆಂಟರ ಪ್ರಾಯ, ಹೊಸ ಮೀಸೆ. ದಿನಕ್ಕೆ ಮೂರು ಸಲ ಅದಕ್ಕೆ ಎಣ್ಣೆ ತೀಡುತ್ತಿದ್ದ ಎಂದ ಮೇಲೆ ಹೆಚ್ಚು ಹೇಳುವುದು ಬೇಡ.

ಗಂಜಿಯ ದಿನ ಪರರಾಜ್ಯದ ಅತಿಥಿಗಳೂ ಬಂದು ಸಾಲಾಗಿ ಕೂತಿದ್ದರು. ಕಲಿಮಾರ ಮೊಣಕಾಲೂರಿ ತಟ್ಟೆಗೆ ಬಾಯಿ ಹಾಕಿದ. ಮೀಸೆಗೆ ಗಂಜಿ ಮೆತ್ತಿತು. ಅತಿಥಿಗಳ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆದದ್ದು ಇಷ್ಟೇ. ಆದರೆ ಅವನ ಕಿವಿ ಬಿಸಿಯಾಯಿತು. ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು, ಎದ್ದು, ಮುಖ ತಿರುಗಿಸಿ, ಶಲ್ಯದ ಅಂಚಿಗೆ ಮೆಲ್ಲಗೆ ಉಗುಳಿದ.

"ತಿಂದೆ," ಎಂದ. ಜನ ಜಯಕಾರ ಹಾಕಿದರು.

ಮರಿಗಳನ್ನು ಬಿಟ್ಟರು. ಕೆಂಚ ತಟ್ಟೆಗೆ ಬಾಯಿ ಹಾಕಿತು, ಕೆನ್ನೆ ತುಂಬಿಕೊಂಡಿತು, ಮುಖ ತಿರುಗಿಸಿ ಹುಲ್ಲಿನ ಮೇಲೆ ಮೆಲ್ಲಗೆ ಉಗುಳಿತು. ಕಾಳನೂ ಬಾಯಿ ಹಾಕಿ, ಕೆನ್ನೆ ತುಂಬಿಕೊಂಡು, ಮುಖ ತಿರುಗಿಸಿ ಉಗುಳಿತು. ಬಾಲಿಯೂ ಹಾಗೇ ಮಾಡಿತು.

ಸಭೆಗೆ ಏನೂ ತಿಳಿಯಲಿಲ್ಲ. ಕಲಿಮಾರನಿಗೆ ತಿಳಿಯಿತು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ.

ದೊರೆ ಹೊನ್ನೀರಜ್ಜಿಯ ಕಡೆ ತಿರುಗಿ, "ಗಂಜಿಗೆ ಏನು ಬೆರೆಸಿದೆ?" ಎಂದು ಕೇಳಿದ.

"ರಾಗಿ, ಆಡಿನ ಹಾಲು, ಇಷ್ಟೇ, ಬುದ್ಧೀ."

"ಯುವರಾಜ ತಿಂದು ತೋರಿಸಿದ್ದಾನೆ. ಮರಿಗಳು ಉಗುಳುತ್ತಿವೆ. ಅಂದ ಮೇಲೆ ನಿನ್ನ ಗಂಜಿಯಲ್ಲೇ ಏನೋ ಇದೆ."

ಅಜ್ಜಿ ಒಂದು ಸಲ ಕಲಿಮಾರನನ್ನು ನೋಡಿದಳು. ಅವನು ಶಲ್ಯ ಸರಿಮಾಡಿಕೊಂಡ. ಆ ಕಂಚಿನ ತಟ್ಟೆಯನ್ನೇ ಅವಳ ಕೊರಳಿಗೆ ಕಟ್ಟಿ, ಊರಿನ ಮೂರು ಬೀದಿಯಲ್ಲಿ ನಡೆಸಿ, ಹೊರಬಾಗಿಲ ಆಚೆ ದಬ್ಬಿದರು. ಅವನನ್ನು ಎತ್ತಿ ಆಡಿಸಿದ ಮುದುಕಿ ಅವಳು. ಅವನು ಉಪ್ಪರಿಗೆಯ ಮೇಲೆ ನಿಂತು ಎಲ್ಲವನ್ನೂ ನೋಡಿದ.

ಅಂದಿನಿಂದ ಹೊಸ ಅಡುಗೆಯವರು ಬಂದರು. ಅನ್ನದ ಗಂಜಿ ಮಾಡಿದರು, ಮರಿಗಳು ಉಗುಳಿದವು. ಕುರಿ ಮಾಂಸದ ಸಾರಿನಲ್ಲಿ ಅನ್ನ ಕಿವುಚಿ ಕೊಟ್ಟರು, ಉಗುಳಿದವು. ಮೀನಿನ ಮುಳ್ಳು ತೆಗೆದು ಅರೆದು ಕೊಟ್ಟರು, ಅದನ್ನೂ ಉಗುಳಿದವು. ಮರಿಗಳಿಗೆ ಸೂಜಿಯಂಥ ಹಲ್ಲು ಬಂದಿತ್ತು. ಬೆಳ್ಳಿಯ ಮೊಲೆ ಗಾಯವಾಗಿ ರಕ್ತ ಬರುತ್ತಿತ್ತು, ಹಾಲು ಬತ್ತುತ್ತಿತ್ತು. ಆದರೂ ಮರಿಗಳು ಕುಂಯ್‌ಗುಟ್ಟಿದರೆ ಅವಳು ಬಂದು ಮಲಗಿ ಮೈ ಒಡ್ಡುತ್ತಿದ್ದಳು. ಬಾಲಿಯ ಪಕ್ಕೆಲುಬು ಎಣಿಸುವ ಹಾಗಾಯಿತು. ವಿಚಿತ್ರವೆಂದರೆ ಕಲಿಮಾರನಿಗೂ ಊಟ ಇಳಿಯುತ್ತಿರಲಿಲ್ಲ. ತುತ್ತು ಗಂಟಲಿಗೆ ಬಂದು ನಿಂತುಬಿಡುತ್ತಿತ್ತು.

ಕೊನೆಗೆ ಅವನು ಮದ್ದು ಹುಡುಕಿ ಕಾಡಿಗೆ ಹೊರಟ. ಜನ ಧೈರ್ಯಶಾಲಿ ಎಂದರು. ಧೈರ್ಯವಲ್ಲ, ಬೆಳ್ಳಿಯ ಕಣ್ಣು ತಪ್ಪಿಸಿ ಓಡಾಡುವುದು ಅವನಿಂದ ಆಗುತ್ತಿರಲಿಲ್ಲ. ಹೊರಬಾಗಿಲ ಬಳಿ ಅಜ್ಜಿ ಕೂತಿದ್ದಳು. ಅವನು ಮುಖ ಆಚೆ ಮಾಡಿ ಕುದುರೆ ಓಡಿಸಿದ.

ಮೊದಲ ಬೆಟ್ಟದಲ್ಲಿ ಒಂದು ಹೆಬ್ಬುಲಿ ಸಿಕ್ಕಿತು. ಮರಿ ಸಾಕಿದ ತಾಯಿ ಹುಲಿ. "ಮದ್ದಿದೆ," ಎಂದಿತು. "ನಿಜ ಹೇಳಿದವರಿಗೆ ಮಾತ್ರ ಫಲಿಸುತ್ತೆ. ಮೊದಲ ತುತ್ತು ಕೆಟ್ಟದ್ದು ಯಾರಿಂದ?"

"ಅಡುಗೆಯ ಮುದುಕಿಯಿಂದ," ಎಂದ ಕಲಿಮಾರ.

ಹುಲಿ ತಾನು ಜಗಿದ ಮಾಂಸದ ಚೂರು ಕೊಟ್ಟಿತು. ಬೆಟ್ಟ ಇಳಿಯುವಷ್ಟರಲ್ಲಿ ಅದು ಇದ್ದಿಲಾಯಿತು. ಅದೇ ಗಳಿಗೆಯಲ್ಲಿ ಗಗ್ಗರಪುರದ ಹೊರಬಾಗಿಲ ಅಗುಳಿ ತಾನಾಗಿ ಕಳಚಿ ಬಿತ್ತು.

ಎರಡನೆಯ ಬೆಟ್ಟದಲ್ಲಿ ಒಂದು ಕರಡಿ ಸಿಕ್ಕಿತು. "ಮದ್ದಿದೆ," ಎಂದಿತು. "ನಿಜ ಹೇಳಿದವರಿಗೆ ಮಾತ್ರ ಫಲಿಸುತ್ತೆ. ಮೊದಲ ತುತ್ತು ಕೆಟ್ಟದ್ದು ಯಾರಿಂದ?"

"ಮರಿಗಳಿಂದಲೇ. ಅವೇ ಸರಿಯಿಲ್ಲ," ಎಂದ ಕಲಿಮಾರ. ಪಕ್ಕೆಲುಬು ಎದ್ದ ಬಾಲಿಯ ಮೇಲೂ ತಪ್ಪು ಹೊರಿಸಿದ, ಪುಣ್ಯಾತ್ಮ.

ಕರಡಿ ಜೇನಿನ ಹುಟ್ಟು ಕೊಟ್ಟಿತು. ಬೆಟ್ಟ ಇಳಿಯುವಷ್ಟರಲ್ಲಿ ಅದು ಕೆಸರಾಯಿತು. ಅದೇ ಗಳಿಗೆಯಲ್ಲಿ ನಡುಬಾಗಿಲ ಅಗುಳಿಯೂ ಕಳಚಿ ಬಿತ್ತು.

ಮೂರನೆಯ ಬೆಟ್ಟದ ತುದಿಯಲ್ಲಿ ಒಂದು ಮುದಿ ರಣಹದ್ದು ಕೂತಿತ್ತು. ಅದೂ ಅದನ್ನೇ ಕೇಳಿತು: "ಮೊದಲ ತುತ್ತು ಕೆಟ್ಟದ್ದು ಯಾರಿಂದ?"

ಕಲಿಮಾರ ಕೈಗೆ ಮೆತ್ತಿದ್ದ ಇದ್ದಿಲನ್ನೂ ಕೆಸರನ್ನೂ ಒರೆಸಿಕೊಂಡ. ಆಮೇಲೆ, "ನನ್ನಿಂದ," ಎಂದ. "ಯಾರೋ ನಕ್ಕರು. ನಾನು ಉಗುಳಿದೆ. ಅಜ್ಜಿಗೆ ಶಿಕ್ಷೆಯಾಗುವಾಗ ನೋಡುತ್ತ ನಿಂತೆ." ಹೇಳಿ ಮುಗಿಸಿ, ಈಗ ಮದ್ದು ಸಿಗುತ್ತದೆಂದು ಕೈ ಚಾಚಿದ.

ರಣಹದ್ದು ಕತ್ತು ಓರೆ ಮಾಡಿ ಅವನನ್ನು ನೋಡಿತು. "ನನಗೆ ಹೇಳಿದರೆ ಏನು ಬಂತು? ನಾನೇನು ಕೊರಳಿಗೆ ತಟ್ಟೆ ಕಟ್ಟಿಕೊಂಡು ಬೀದಿ ಸುತ್ತಿದೆನೇ? ಉಗುಳಿದ್ದೆಲ್ಲೋ ಅಲ್ಲಿಗೆ ಹೋಗಿ ಹೇಳು. ಬೇಗ ಹೋಗು, ನಿಮ್ಮಪ್ಪ ಒಳಬಾಗಿಲನ್ನು ತಾನೇ ತೆರೆಯುತ್ತಿದ್ದಾನೆ."

ಕಲಿಮಾರ ಕುದುರೆಯ ಬಾಯಲ್ಲಿ ನೊರೆ ಬರುವಂತೆ ಓಡಿಸಿಕೊಂಡು ಬಂದ. ಹೊರಬಾಗಿಲ ಬಳಿ ಅಜ್ಜಿ ಹಾಗೇ ಕೂತಿದ್ದಳು, ತಟ್ಟೆ ಕೊರಳಲ್ಲೇ ಇತ್ತು. ಅವನು ಇಳಿದ.

"ಅಜ್ಜೀ, ಆ ತಟ್ಟೆ ಬೇಕು. ಅವತ್ತು ನಾನು ತಿನ್ನಲಿಲ್ಲ."

"ಗೊತ್ತು ಚಿಕ್ಕೊಡೆಯಾ. ಶಲ್ಯದಂಚಲ್ಲಿ ರಾಗಿ ಕಂಡಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಯುವರಾಜ್ರು ಉಗುಳಿದ್ರು ಅಂತ ನಾಯಿಮನೆ ಮುದುಕಿ ಅಂದಿದ್ರೆ, ತಟ್ಟೆ ಕಟ್ಟೋಕೆ ಕೊರಳೇ ಇರ್ತಿರಲಿಲ್ಲ."

ಅವನು ಅಳುತ್ತ ಅವಳ ಕಾಲಿಗೆ ಬಗ್ಗಿದ. ಅಜ್ಜಿ ಕಾಲು ಹಿಂದೆಳೆದುಕೊಂಡಳು. "ಅಳೋದು ಆಮೇಲೆ. ಮರಿಗಳು ಹಸಿದಿವೆ, ನಡೀರಿ," ಎಂದಳು.

ಅರಮನೆಯ ಅಂಗಳದಲ್ಲಿ ಬಿಳಿ ಪಂಚೆಯ ಒಬ್ಬ ವೈದ್ಯ ನಿಂತಿದ್ದ. "ಮರಿಗಳನ್ನು ನನ್ನ ಆಶ್ರಮಕ್ಕೆ ಒಯ್ದು ಗುಣಮಾಡಿ ತರುತ್ತೇನೆ," ಎನ್ನುತ್ತಿದ್ದ. ದೊರೆ ಮರಿಗಳ ಬುಟ್ಟಿಯನ್ನು ಅವನ ಕೈಗೆ ಕೊಡುವುದರಲ್ಲಿದ್ದ. ಬೆಳ್ಳಿ ಸರಪಳಿ ಜಗ್ಗಿ ಜಗ್ಗಿ ಬಾಯಿ ತೆರೆಯುತ್ತಿದ್ದಳು. ದನಿ ಬರುತ್ತಿರಲಿಲ್ಲ.

"ನಿಲ್ಲಿ!" ಎಂದು ಕೂಗಿ ಕಲಿಮಾರ ನಡುಅಂಗಳಕ್ಕೆ ಬಂದ. ಅಂದಿನ ಅತಿಥಿಗಳೂ ಅಲ್ಲಿದ್ದರು, ಊರವರೂ ಇದ್ದರು. "ತಪ್ಪು ಗಂಜಿಯದಲ್ಲ. ನಾನು ಉಗುಳಿದೆ. ಅದನ್ನು ನೋಡಿ ಇವು ಕಲಿತವು. ಹೊನ್ನೀರಜ್ಜಿ ನನ್ನ ಶಿಕ್ಷೆ ಅನುಭವಿಸಿದಳು."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ. ದೊರೆ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟ. ಮಗನ ಮುಖ ನೋಡಲಾರದೆ ನೆಲ ನೋಡಿದ.

ಅಜ್ಜಿ ಅಲ್ಲೇ ಮೂರು ಕಲ್ಲು ಹೂಡಿ ಗಂಜಿ ಕಾಯಿಸಿದಳು. ವೈದ್ಯ, "ಹೊತ್ತು ಮೀರುತ್ತಿದೆ," ಎಂದು ಚಡಪಡಿಸಿದ. ಕಲಿಮಾರ ಕೈ ಹಿಂದೆ ಕಟ್ಟಿ ಬಗ್ಗಿದ. ತಿಂದ, ನುಂಗಿದ. ಮರಿಗಳು ಬಂದವು, ಬಾಯಿ ಹಾಕಿದವು, ಮತ್ತೆ ಹುಲ್ಲಿನ ಮೇಲೆ ಉಗುಳಿದವು.

"ಕಲಿತಿದ್ದು ಅಷ್ಟು ಸುಲಭಕ್ಕೆ ಹೋಗಲ್ಲ ಚಿಕ್ಕೊಡೆಯಾ," ಎಂದಳು ಅಜ್ಜಿ. "ಅವು ಉಗುಳಿದ್ದನ್ನೂ ನೀವೇ ತಿನ್ನಬೇಕು."

ಕೆಂಚ ಉಗುಳಿದ್ದನ್ನು ಕಲಿಮಾರ ನೆಲದಿಂದ ಬಾಯಲ್ಲೇ ಎತ್ತಿ ನುಂಗಿದ. ಕೆಂಚ ಕಿವಿ ನಿಮಿರಿಸಿತು. ಕಾಳ ಉಗುಳಿದ್ದನ್ನು ನುಂಗಿದ. ಕಾಳ ಹತ್ತಿರ ಬಂತು. ಬಾಲಿ ಉಗುಳಿದ್ದನ್ನು ಹುಲ್ಲಿನ ಎಸಳಿನ ಸಮೇತ ನುಂಗಿದ. ಆಗ ಬಾಲಿ ತೂರಾಡುತ್ತ ಬಂದು, ಅವನ ಮಂಡಿಯ ಮೇಲೆ ಮುಂಗಾಲಿಟ್ಟು, ತಾಯಿಯ ಬಾಯಿ ನೆಕ್ಕುವ ಹಾಗೆ ಅವನ ಮೀಸೆಗೆ ಮೆತ್ತಿದ್ದ ಗಂಜಿಯನ್ನು ನೆಕ್ಕಿತು. ನೆಕ್ಕಿ ನುಂಗಿತು. ಅಣ್ಣ ಮರಿಗಳೆರಡೂ ನಾಲ್ಕು ಕಾಲನ್ನೂ ತಟ್ಟೆಯೊಳಗೇ ಇಟ್ಟು ಲೊಚಲೊಚ ತಿನ್ನತೊಡಗಿದವು.

ಬೆಳ್ಳಿ ಬೊಗಳಿದಳು. ಕೋಟೆ ನಡುಗಿತು. ವೈದ್ಯನ ಪಂಚೆ ಕುಸಿದು ಬಿತ್ತು. ಅದರೊಳಗೆ ಬೂದಿಗಣ್ಣ ಎರಡು ಕ್ಷಣ ನಿಂತಿದ್ದ, ಆಮೇಲೆ ಒಂದು ಮೊರದಷ್ಟು ಬೂದಿಯಾದ. ಹೊನ್ನೀರಜ್ಜಿ ಆ ಬೂದಿಯಲ್ಲೇ ಪಾತ್ರೆ ಬೆಳಗಿದಳು. ಚೆನ್ನಾಗಿ ಹೊಳೆದವಂತೆ.

ದೊರೆ ಅವಳ ಕ್ಷಮೆ ಕೇಳಿ, ಏನು ಬೇಕು ಕೇಳು ಎಂದ. ಅಜ್ಜಿ ಕಲಿಮಾರನ ಕಡೆ ತಿರುಗಿದಳು.

"ಅಂಗಳದಲ್ಲಿ ಒಪ್ಪಿಕೊಂಡಿರಿ, ಸಂತೋಷ. ಆದ್ರೆ ನನಗೆ ಉಗಿದೋರು ಬೀದಿಯಲ್ಲಿದ್ದಾರೆ."

ಕಲಿಮಾರ ತಟ್ಟೆಯನ್ನು ತನ್ನ ಕೊರಳಿಗೆ ಕಟ್ಟಿಕೊಂಡು ಮೂರು ಬೀದಿಯ ಪ್ರತಿ ಮನೆಯ ಮುಂದೆ ನಿಂತು, "ತಪ್ಪು ಅಜ್ಜಿಯದಲ್ಲ, ನನ್ನದು," ಎಂದು ಹೇಳುತ್ತ ಹೋದ. ಕೊನೆಯ ಮನೆಯ ಹೆಂಗಸು ಮೊರ ಕೆಳಗಿಟ್ಟು, "ಯಾಕೆ ಬುದ್ಧೀ ಉಗುಳಿದ್ರಿ?" ಎಂದು ಕೇಳಿದಳು.

"ನಾಚಿಕೆಯಾಯಿತು ತಾಯೀ."

"ಈಗ ಆಗಲ್ವಾ?"

"ಈಗ ಅದಕ್ಕಿಂತ ಹೆಚ್ಚಾಗ್ತಿದೆ. ಆದರೆ ಇವತ್ತು ಊಟ ಇಳಿಯುತ್ತೆ."

ಆಕೆ ಒಳಗೆ ಹೋಗಿ ಒಂದು ರಾಗಿಮುದ್ದೆ, ಸೊಪ್ಪಿನ ಸಾರು ತಂದು ಆ ತಟ್ಟೆಗೇ ಬಡಿಸಿದಳು. ಅವನು ಜಗಲಿಯ ಮೇಲೆ ಕೂತು ತಿಂದ. ಅಂದಿನಿಂದ ಗಗ್ಗರಪುರದಲ್ಲಿ ಮರಿಗಳು ಬೆಳೆದವು, ಜನ ನೆಮ್ಮದಿಯಾಗಿದ್ದರು, ಹೊನ್ನೀರಜ್ಜಿ ತನ್ನ ನಾಯಿಮನೆಯಲ್ಲಿ ರಾಣಿಯಂತಿದ್ದಳು. ಕಲಿಮಾರನೂ ದೊರೆಯಾಗಿ ಸುಖವಾಗಿ ಬಾಳಿದ. ಅಜ್ಜಿ ಎದುರು ಬಂದಾಗ ಮಾತ್ರ, ಕಿರೀಟವಿದ್ದರೂ, ಅವನ ಕಿವಿ ಕೆಂಪಾಗುತ್ತಿತ್ತು.