ಕೇಳದೆ ತೆರೆದ ರಿಪೋರ್ಟ್

ರಕ್ತ ತೆಗೆಯುವಾಗ ಆಚೆ ನೋಡಿ ಅಂದಿದ್ದ ಅವನು. ಅವಳು ಅವನನ್ನೇ ನೋಡಿದ್ದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ.

ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವನು ಲ್ಯಾಬ್ ಟೆಕ್ನೀಷಿಯನ್. ಅವಳ ಅಣ್ಣನಿಗೆ ಹತ್ತೊಂಬತ್ತನೇ ವಯಸ್ಸಿನಿಂದ ಸ್ಕಿಜೋಫ್ರೇನಿಯಾ. ಮಿದುಳಿನ ಡೋಪಮಿನ್‌ನಂಥ ರಾಸಾಯನಿಕಗಳನ್ನು ನಿಭಾಯಿಸುವ ಜೀನ್‌ಗಳು ಕಾಯಿಲೆಯವರಲ್ಲಿ ಹೇಗಿವೆ, ಒಡಹುಟ್ಟಿದವರಲ್ಲಿ ಹೇಗಿವೆ ಎಂದು ಹುಡುಕುವ ಅಧ್ಯಯನಕ್ಕೆ ಅಣ್ಣ ತಂಗಿ ಇಬ್ಬರೂ ರಕ್ತ ಕೊಟ್ಟಿದ್ದರು. ಹೆಸರಿನ ಬದಲು ನಂಬರ್ ಇರುತ್ತೆ, ಯಾರದು ಯಾವುದು ಅಂತ ಯಾರೂ ನೋಡಲ್ಲ ಎಂದು ಹೇಳಿ ಸಹಿ ಹಾಕಿಸಿಕೊಂಡವನು ಅವನೇ.

ಆಮೇಲೆ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬರತೊಡಗಿದ. ಒಮ್ಮೆ ಸ್ಕ್ರೂ ಸಡಿಲ, ಇನ್ನೊಮ್ಮೆ ಕಿವಿಯ ಹಿಂದೆ ಒತ್ತುತ್ತೆ. ನಾಲ್ಕನೇ ಸಲ ಅವಳು ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸುತ್ತಾ, "ಕನ್ನಡಕ ಸರಿಯಾಗೇ ಇದೆ. ತೊಂದರೆ ಇರೋದು ಹಾಕ್ಕೊಂಡೋರಲ್ಲಿ" ಅಂದಳು. ಅವನ ಕಿವಿ ಕೆಂಪಗಾಯಿತು.

ಎಂಟು ತಿಂಗಳಲ್ಲಿ ಅವನು ಮನೆಯವನೇ ಆಗಿಬಿಟ್ಟ. ಅಣ್ಣ ಚೆಸ್‌ನಲ್ಲಿ ಅವನ ಕಣ್ಣು ತಪ್ಪಿಸಿ ಕಾಯಿ ಸರಿಸಿ ಗೆಲ್ಲುತ್ತಿದ್ದ. ತಲೆಯೊಳಗಿನ ಧ್ವನಿಗಳು ಕಾಡಿದ ದಿನ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದ್ದ. ಆಗ ಅವನು ಹೊರಗೆ ನೆಲದ ಮೇಲೆ ಕೂತು, ಒಳಗಿದ್ದ ಅಣ್ಣನಿಗೆ ಕೇಳುವ ಹಾಗೆ ಪೇಪರ್ ಓದುತ್ತಿದ್ದ. ಅದನ್ನು ನೋಡಿಯೇ ಅವಳು ಮನಸೋತಿದ್ದು.

ಒಂದು ಭಾನುವಾರ ಮಧ್ಯಾಹ್ನ, ಟೆರೇಸ್‌ನಲ್ಲಿ ಅವಳು ಬಟ್ಟೆ ಒಣಹಾಕುವಾಗ ಅವನು ಮದುವೆಯ ಮಾತೆತ್ತಿದ. ತನ್ನ ಅಮ್ಮನೂ ಒಪ್ಪಿದ್ದಾರೆ ಅಂದ. ಅಣ್ಣನ ವಿಷಯ ತಿಳಿದೂ ಒಪ್ಪಿದರಾ ಎಂದು ಅವಳು ಕೇಳಿದಳು.

"ಮೊದಲು ಹಿಂದೇಟು ಹಾಕಿದ್ರು. ಆಮೇಲೆ ನಾನೇ ನಂಬರ್ ಹುಡುಕಿ ನಿಮ್ಮಿಬ್ಬರ ರಿಪೋರ್ಟ್ ತೆಗೆದು ನೋಡ್ದೆ. ಅಣ್ಣನ ಜೀನ್‌ಗಳಲ್ಲಿರೋ ಎರಡು ವ್ಯತ್ಯಾಸ ನಿನ್ನಲ್ಲಿಲ್ಲ. ಅಮ್ಮನಿಗೆ ಅದನ್ನೇ ಹೇಳ್ದೆ." ಉಡುಗೊರೆ ಕೊಡುವವನ ಹಾಗೆ ಅವನ ಮುಖ ಅರಳಿತ್ತು.

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು.

"ಇದ್ದಿದ್ರೆ?"

ಅವನು ತಡವರಿಸಿದ. ಅಂಥ ವ್ಯತ್ಯಾಸ ಆರೋಗ್ಯವಾಗಿರುವವರಲ್ಲೂ ಬೇಕಾದಷ್ಟಿರುತ್ತೆ, ಇದ್ದರೆ ಅಪಾಯ ಒಂದು ಚೂರು ಹೆಚ್ಚಬಹುದು ಅಷ್ಟೆ, ಇಲ್ಲದಿದ್ದರೂ ಗ್ಯಾರಂಟಿ ಏನಿಲ್ಲ ಎಂದೆಲ್ಲ ವಿವರಿಸಿದ.

"ಅಷ್ಟೆಲ್ಲ ಗೊತ್ತಿದ್ದೂ ಯಾಕೆ ನೋಡ್ದೆ?"

"ಭಯ ಆಯ್ತು." ಅವನು ತಲೆ ತಗ್ಗಿಸಿದ. "ಇದ್ದಿದ್ರೆ ಏನು ಮಾಡ್ತಿದ್ನೋ, ನಂಗೂ ಗೊತ್ತಿಲ್ಲ."

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು.

"ನಿನ್ನ ಮೇಲೆ ಪ್ರೀತಿ ಇದೆ. ಈಗಲೂ ಇದೆ," ಅಂದಳು. "ಆದ್ರೆ ಅಣ್ಣ ನಿನ್ನನ್ನ ನಂಬಿ ಕೈ ಚಾಚಿದ್ದ. ನಾನೂ ಅಷ್ಟೆ."

ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಎಲ್ಲ ಹೇಳಿದಳು. ತನ್ನ ರಕ್ತದ ಸ್ಯಾಂಪಲ್ ಅಧ್ಯಯನದಲ್ಲೇ ಇರಲಿ, ಮುಂದೆ ಯಾರಿಗಾದರೂ ಉಪಯೋಗವಾದೀತು ಅಂದ. ಅವಳು ತನ್ನದನ್ನು ವಾಪಸ್ ಪಡೆಯಲು ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಅವನು ಆಗಲೇ ಬಂದು, ಮಾಡಿದ್ದನ್ನೆಲ್ಲ ತಾನೇ ಬರೆದುಕೊಟ್ಟು ಲ್ಯಾಬ್ ಕೆಲಸ ಬಿಟ್ಟಿದ್ದಾನೆ ಎಂದು ಅಧ್ಯಯನ ನಡೆಸುವ ಡಾಕ್ಟರ್ ಹೇಳಿದರು.

ಕಾರಿಡಾರ್‌ನ ಬೆಂಚಿನ ಮೇಲೆ ಅವನು ಬ್ಯಾಗ್ ತಬ್ಬಿಕೊಂಡು ಕೂತಿದ್ದ. ಇನ್ನು ಮನೆಗೆ ಬರಬಾರದಾ ಎಂದು ಮೆಲ್ಲಗೆ ಕೇಳಿದ.

"ಬೇಡ," ಅಂದಳು. ಒಳಕ್ಕೆ ಮಡಚಿಕೊಂಡಿದ್ದ ಅವನ ಕಾಲರನ್ನು ಬೆರಳಿನಿಂದ ಎಳೆದು ನೇರ ಮಾಡಿದಳು. "ಹೊತ್ತಿಗೆ ಸರಿಯಾಗಿ ಊಟ ಮಾಡು." ಆಮೇಲೆ ಮೆಟ್ಟಿಲಿಳಿದು ಹೋದಳು.