ಚೋಟಣ್ಣನೂ ಕೊರಕ ಮೃಗವೂ

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದ ಮಾತು. ಹಂಸಾವತಿ ಅಂತ ಒಂದು ರಾಜ್ಯ. ಅಲ್ಲಿನ ರಾಜನಿಗೆ ಕೇತಕಿ ಎಂಬ ಏಳು ವರ್ಷದ ಒಬ್ಬಳೇ ಮಗಳು. ಅರ್ಧ ರಾಜ್ಯ ಕೊಡೆಂದು ಬಂದ ಮಾಂತ್ರಿಕ ವಕ್ರನಾಸನಿಗೆ ರಾಜ ಆಗುವುದಿಲ್ಲವೆಂದ. ಸಿಟ್ಟಿಗೆದ್ದ ಮಾಂತ್ರಿಕ ಕೊರಕವೆಂಬ ಮೃಗದೊಳಗೆ ತನ್ನ ಪ್ರಾಣವನ್ನೇ ಇಟ್ಟು, ಅದನ್ನು ಸಾಸಿವೆಗಿಂತ ಸಣ್ಣದು ಮಾಡಿ, ಹುಡುಗಿ ಕುಡಿಯುವ ನೀರಿಗೆ ಬಿಟ್ಟ.

ಹೊಟ್ಟೆಗಿಳಿದ ಕೊರಕ ತನ್ನನ್ನೇ ಸೀಳಿಕೊಂಡು ಒಂದು ನೂರಾಯಿತು, ನೂರು ಸಾವಿರವಾಯಿತು. ಕೇತಕಿ ಹಾಸಿಗೆ ಹಿಡಿದಳು. ಅರಮನೆಯ ವೈದ್ಯ ಬೆಂಕಿಚೂರ್ಣ ತಿನ್ನಿಸಿದ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಕೊರಕದ ದಂಡಿನಲ್ಲಿ ಅರ್ಧ ಸತ್ತಿತು ನಿಜ. ಆದರೆ ಅವಳು ಹುಟ್ಟಿದಾಗಿನಿಂದ ಕರುಳಿನ ಗೋಡೆ ಕಾಯುತ್ತ ಕೂತಿದ್ದ ಸಣ್ಣ ಜನರೂ ಸತ್ತರು. ಖಾಲಿ ಬಿದ್ದ ಜಾಗಕ್ಕೆ ಉಳಿದರ್ಧ ದಂಡು ನುಗ್ಗಿತು.

ಆಗ ಮೊಸರು ಮಾರುವ ಬೊಮ್ಮಕ್ಕ ಗಡಿಗೆ ಹೊತ್ತು ಬಂದಳು. "ದೊರೆಗಳೇ, ಮಗೂಗೆ ದಿನಾ ಒಂದು ಸೌಟು ಕೊಡಿ. ಕಾಯಿಸಬೇಡಿ, ಕಾಯಿಸಿದ್ರೆ ನನ್ನ ಜನ ಸಾಯ್ತಾರೆ" ಅಂದಳು.

ಗಡಿಗೆಯಲ್ಲಿ ಕಣ್ಣಿಗೆ ಕಾಣದ ಕೋಟಿ ಜನರಿದ್ದರು. ಅವರಲ್ಲೊಬ್ಬ ಚೋಟಣ್ಣ. ಚೋಟುದ್ದವೂ ಇರದವನಿಗೆ ಆ ಹೆಸರಿಟ್ಟವರ ಧಾರಾಳಕ್ಕೆ ಏನನ್ನೋಣ! ಅವನಿಗೆ ಕತ್ತಿ ಹಿಡಿಯಲು ಬಾರದು. ಕೂರುವುದು, ಹುಳಿ ಮಾಡುವುದು, ಅಷ್ಟೇ ಅವನ ವಿದ್ಯೆ.

"ಮೃಗದ ಮುಂದೆ ನಾನೇನು ಮಾಡ್ಲಿ, ಅವ್ವಾ?" ಎಂದು ಕೇಳಿದ.

"ನಿನಗೆ ಬರೋದನ್ನೇ ಮಾಡು, ಮಗಾ" ಎಂದಳು ಬೊಮ್ಮಕ್ಕ.

ಸೌಟಿನಿಂದ ಕೇತಕಿಯ ಬಾಯಿಗೆ ಜಾರಿದವರಿಗೆ ಮೊದಲು ಹೊಟ್ಟೆಯ ಹುಳಿಯ ಹೊಳೆ ಎದುರಾಯಿತು. ಲಕ್ಷ ಜನ ಇಳಿದರು, ಹತ್ತು ಸಾವಿರ ಜನ ದಾಟಿದರು. ಹುಳಿಯಲ್ಲೇ ಬೆಳೆದ ಚೋಟಣ್ಣ ಮೈ ಮುದುಡಿಕೊಂಡು ದಾಟಿದ. ಆಮೇಲೆ ಹಸಿರು ಬಣ್ಣದ ಪಿತ್ತದ ಕಹಿಮಡು ಬಂತು. ಹತ್ತು ಸಾವಿರ ಜನ ಇಳಿದರು, ಸಾವಿರ ಜನ ದಾಟಿದರು. ಚೋಟಣ್ಣ ಹಿಂತಿರುಗಿ ನೋಡಿ ಅತ್ತ. ಕಣ್ಣೊರೆಸಿಕೊಂಡು ಮುಂದೆ ನಡೆದ.

ಮೂರನೆಯದು ಕರುಳಿನ ಗೋಡೆ. ಅದು ಕಲ್ಲಿನದಲ್ಲ, ಕೈಗೆ ಕೈ ಕೋದು ಒತ್ತಾಗಿ ನಿಂತ ಹೆಂಗಸರೇ ಗೋಡೆ. ಅವರ ಬೆನ್ನ ಹಿಂದೆ ನೆತ್ತರಿನ ಕಾಲುವೆ. ಅವರು ಕೈ ಬಿಟ್ಟರೆ ಕೊರಕ ನೆತ್ತರಿಗೆ ಇಳಿಯುತ್ತದೆ, ಕೇತಕಿ ಉಳಿಯುವುದಿಲ್ಲ. ಕೈಗಳು ಆಗಲೇ ಜಾರುತ್ತಿದ್ದವು.

ಸಾಲಿನ ಹಿರಿಯಳು ನೀಲಕ್ಕ ಗದರಿದಳು. "ಯಾರಯ್ಯಾ ನೀನು? ಇಲ್ಲಿಗೆ ಬಂದೋರೆಲ್ಲ ಕಚ್ಚೋರೇ!"

"ನಾನು ಮೊಸರಿನೋನು ಅಕ್ಕಾ, ಕಚ್ಚಲ್ಲ. ಕೂರೋಕೆ ಜಾಗ ಕೊಟ್ರೆ ಸಾಕು."

"ಕೂತು ಏನ್ಮಾಡ್ತೀಯಾ?"

"ಕೂತೇ ಇರ್ತೀನಿ."

ಅಷ್ಟು ದಣಿವಿನಲ್ಲೂ ನೀಲಕ್ಕನಿಗೆ ನಗು ಬಂತು. ಪಕ್ಕದಲ್ಲಿ ಜಾಗ ತೋರಿಸಿದಳು.

ಮದುವೆಮನೆಯ ಪಂಕ್ತಿಯಲ್ಲಿ ಕೂರುವ ಹಾಗೆ ಸಾವಿರ ಜನರೂ ಸಾಲಾಗಿ ಕೂತರು. ಕೂತಲ್ಲೇ ಒಬ್ಬರು ಇಬ್ಬರಾದರು, ಇಬ್ಬರು ನಾಲ್ವರಾದರು. ಹುಡುಗಿ ಗುಟುಕರಿಸಿದ ಗಂಜಿಯನ್ನು ಹುಳಿ ಮಾಡಿ ತಾವೂ ಉಂಡರು, ಹೆಂಗಸರಿಗೂ ಉಣಿಸಿದರು. ಹೆಂಗಸರ ಹಿಡಿತ ಬಿಗಿಯಾಯಿತು. ಅವರು ಹೊದ್ದ ಲೋಳೆಯ ಸೆರಗು ದಪ್ಪವಾಯಿತು.

ಕೊರಕ ಬಂತು. ಅದಕ್ಕೆ ಕಚ್ಚಲು ಮೊದಲು ಕಾಲೂರಬೇಕಲ್ಲ!

"ಇಲ್ಲಿ ಜಾಗ ಇದೆಯಾ?" ಎಂದು ಗರ್ಜಿಸಿತು.

"ಇಲ್ಲಿ ಜನ ಇದ್ದಾರೆ" ಎಂದ ಚೋಟಣ್ಣ. ಅವನಿಗೆ ವಿಪರೀತ ಭಯವಾಗಿತ್ತು, ಆದರೂ ಏಳಲಿಲ್ಲ.

ಮುಂದೆ ಹೋಗಿ ಕೇಳಿತು. "ಇಲ್ಲೂ ಜನ ಇದ್ದಾರೆ" ಎಂದರು ಅಲ್ಲಿ ಕೂತವರು. ಸುತ್ತಿ ಬಂದು ಮತ್ತೆ ಚೋಟಣ್ಣನನ್ನೇ ನೂಕಲು ನೋಡಿತು. ಈ ಸಲ ನೀಲಕ್ಕ ಉತ್ತರ ಕೊಟ್ಟಳು. "ಇವನು ನಮ್ಮೋನು. ಇವನನ್ನ ಎಬ್ಬಿಸೋಕೆ ನಾನು ಬಿಡಲ್ಲ."

ಕೊರಕಕ್ಕೆ ಉಣ್ಣಲು ತುತ್ತಿಲ್ಲ, ಕಾಲೂರಲು ಜಾಗವಿಲ್ಲ, ಸುತ್ತಲಿನ ಹುಳಿಗೆ ಮೈಯೆಲ್ಲ ಉರಿ. ಮೂರು ದಿನ ಅಲೆದು, ಇಡೀ ದಂಡು ಸತ್ತು ಹೊರಗೆ ಕೊಚ್ಚಿಹೋಯಿತು. ಯಾವ ದಾರಿಯಲ್ಲಿ ಎಂದು ಹೇಳಲು ನನಗೆ ನಾಚಿಕೆ, ನಿಮಗೇ ಗೊತ್ತಲ್ಲ. ಅದೇ ಗಳಿಗೆಯಲ್ಲಿ ವಕ್ರನಾಸ ನಿಂತಲ್ಲೇ ಬೂದಿಯಾದ.

ನಾಲ್ಕನೆಯ ದಿನ ಬೆಳಿಗ್ಗೆ ಕೇತಕಿ ಕಣ್ಣು ಬಿಟ್ಟಳು. "ಅವ್ವಾ, ಹಸಿವು" ಎಂದಳು.

ಆ ಮಾತಿಗಾಗಿ ತಿಂಗಳಿಂದ ಕಾದಿದ್ದ ರಾಣಿ ಅಡುಗೆಯವರನ್ನೂ ಕರೆಯದೆ ಎದ್ದು ಓಡಿದಳು. ಅಳುತ್ತಲೇ ಮೊಸರನ್ನ ಕಲಸಿದಳು, ಅಳುತ್ತಲೇ ತುತ್ತಿಟ್ಟಳು. ಒಳಗೆ ಚೋಟಣ್ಣನಿಗೆ ಬರುವವರ ಸದ್ದು ಕೇಳಿತು. "ಸ್ವಲ್ಪ ಒತ್ತಿಕೊಂಡು ಕೂತ್ಕೊಳ್ರಪ್ಪಾ, ನಮ್ಮೋರು ಬರ್ತಿದ್ದಾರೆ" ಎಂದ.

ಹಂಸಾವತಿಯಲ್ಲಿ ಉಂಡವರೆಲ್ಲ ನಕ್ಕರು, ನಕ್ಕವರೆಲ್ಲ ನೂರು ವರ್ಷ ಬಾಳಿದರು.